ಚುಕ್ಕೆಯ ಮುಂದಿನ ಅಂಕಿ

ಮಾರ್ಚ್ 4
ಲೈಬ್ರರಿ ಬಾಗಿಲು ತೆರೆಯುವ ಮುಂಚೆ ಎಂದಿನಂತೆ ಶೆಲ್ಫ್ ನೋಡಿದೆ. ವೈದ್ಯದ ಸಾಲಿನಲ್ಲಿ ಮತ್ತೆ ಅದೇ ಎಡವಟ್ಟು — 616.12 ನಂಬರಿನ ಪುಸ್ತಕ ಹೋಗಿ 616.8ರ ಆಚೆ ಕೂತಿದೆ. ಹೃದಯದ ಪುಸ್ತಕ ಮಿದುಳಿನ ಪುಸ್ತಕಗಳ ನಡುವೆ. ಪುಸ್ತಕ ಜೋಡಿಸಲು ಸೇರಿದ ಹೊಸಬನದೇ ಕೆಲಸ. ಎಷ್ಟು ಬಡಕೊಂಡರೂ ಅಷ್ಟೇ.
"ಚುಕ್ಕೆ ಆದ್ಮೇಲೆ ಹನ್ನೆರಡು ಅಂತ ಓದಬೇಡಪ್ಪಾ. ಒಂದು, ಆಮೇಲೆ ಎರಡು. ಎಂಟಕ್ಕಿಂತ ಒಂದು ಮುಂಚೆ ತಾನೇ?"
"ನಾನಲ್ಲ ಮೇಡಂ."
ನೀನಲ್ಲದೆ ದೆವ್ವ ಬಂದು ಜೋಡಿಸಿತೇ? ತಪ್ಪು ಜಾಗದಲ್ಲಿಟ್ಟ ಪುಸ್ತಕ ಕಳೆದುಹೋದ ಹಾಗೇ ಲೆಕ್ಕ. ಇವನ ತಲೆಗೇ ಹೋಗಲ್ಲ.

ಮಾರ್ಚ್ 7
ಆ ಸಾಲನ್ನು ಯಾರೂ ಮುಟ್ಟಕೂಡದು ಅಂತ ಹುಕುಂ ಹೊರಡಿಸಿದೆ. ಪೂರ್ತಿ ಇಳಿಸಿ, ಧೂಳು ಕೊಡವಿ, ನಾನೇ ಜೋಡಿಸಿದೆ. ಬೀಗದ ಕೈ ನನ್ನ ಹತ್ತಿರವೇ. ನಾಳೆ ನೋಡೋಣ.

ಮಾರ್ಚ್ 8
ಲೈಬ್ರರಿಯ ಮುಖ್ಯಸ್ಥೆ, ದೊಡ್ಡ ಮೇಡಂ, ಬಂದು ನೋಡಿದರು. ಬೆರಳಿಟ್ಟು ತೋರಿಸಿದರು. ಇಲ್ಲಿ. ಇಲ್ಲೂ... ತೋರಿಸಿದ ಮೇಲೆ ತಪ್ಪು ಕಂಡಿತು. ಸಂಜೆ ಬೀಗ ಹಾಕಿದವಳು ನಾನು, ಬೆಳಿಗ್ಗೆ ತೆಗೆದವಳೂ ನಾನು. ಹೊಸಬ ತಲೆ ತಗ್ಗಿಸಿ ಲೇಬಲ್ ಅಂಟಿಸುತ್ತಲೇ ಇದ್ದ.
ಅಮ್ಮನ ಮರೆವೂ ಹೀಗೇ ಸಣ್ಣದಾಗಿ ಶುರುವಾಗಿದ್ದು. ಕೊನೆಗೆ ನನ್ನನ್ನೇ ಯಾರು ಅಂತ ಕೇಳಿದಳು. ಭಯವಾಗುತ್ತಿದೆ.

ಮಾರ್ಚ್ 29
ಡಾಕ್ಟರು ಸ್ಕ್ಯಾನ್ ನೋಡಿ ಅದನ್ನೇ ಹೇಳಿದರು. ಅಮ್ಮನದೇ ಕಾಯಿಲೆ.
"ಇನ್ಮೇಲೆ ಕೌಂಟರಲ್ಲಿ ಕೂತ್ಕೊಳ್ಳಿ, ಆರಾಮಾಗಿ" ಅಂದರು ದೊಡ್ಡ ಮೇಡಂ. ಆರಾಮಂತೆ! ಜೀವ ತೇಯ್ದ ಶೆಲ್ಫುಗಳ ಜಾಗ, ಕಣ್ಣೆದುರೇ ಇದೆ, ಕಾಲಿಡುವ ಹಾಗಿಲ್ಲ. ಅಭ್ಯಾಸ ಮಾಡಿ ತೋರಿಸ್ತೀನಿ, ಒಂದು ಅವಕಾಶ ಕೊಡಿ ಅಂತ ಗೋಗರೆದೆ. "ನೋಡೋಣ" ಅಂದರು.

ಏಪ್ರಿಲ್ 16, ಮಧ್ಯಾಹ್ನ
ನಾಳೆ ಮೇಡಂ ಪರೀಕ್ಷೆ ಮಾಡುತ್ತಾರೆ. ಮನೆಯಲ್ಲಿ ನನ್ನ ತಮ್ಮ ಅಭ್ಯಾಸಕ್ಕೆಂದು ರಟ್ಟಿನ ಚೀಟಿಗಳ ಮೇಲೆ ಪುಸ್ತಕದ ನಂಬರ್ ಬರೆದುಕೊಟ್ಟ. ನಿಯಮ ನಾನೇ ಅವನಿಗೆ ಕಲಿಸಿದ್ದು, ಒಂದೇ ಸಲಕ್ಕೆ ಹಿಡಿದುಬಿಟ್ಟ. ಮೇಜಿನ ಮೇಲೆ ಸಾಲಾಗಿ ಜೋಡಿಸಿದೆ. ಮತ್ತೆ ಮತ್ತೆ ಓದಿದೆ. ಸರಿಯಿತ್ತು. ಖುಷಿಯಿಂದ ಕರೆದೆ. ಕೈ ಒರೆಸಿಕೊಳ್ಳುತ್ತಾ ಬಂದ. ಬಗ್ಗಿ ನೋಡಿದ. ತುಂಬಾ ಹೊತ್ತು ನೋಡಿದ.
"ಸರಿಯಾಗಿದೆ ಅಕ್ಕ."
ಚಿಕ್ಕಂದಿನಿಂದಲೂ ಅಷ್ಟೇ, ಸುಳ್ಳು ಹೇಳುವಾಗ ಮುಖ ನೋಡುವುದಿಲ್ಲ. ಈಗಲೂ ನೋಡಲಿಲ್ಲ.
ಅಡುಗೆಮನೆಗೆ ಹೋಗಿ ನಲ್ಲಿ ಬಿಟ್ಟುಕೊಂಡು ನಿಂತಿದ್ದಾನೆ. ನಾನು ಇಲ್ಲೇ ಕೂತಿದ್ದೇನೆ. ಮೊದಲ ಚೀಟಿಯಿಂದ ಓದುತ್ತಿದ್ದೇನೆ, ಒಂದೊಂದೇ ಅಂಕಿ. ಎಲ್ಲಾ ಸರಿಯಾಗಿಯೇ ಕಾಣುತ್ತಿದೆ. ತಪ್ಪು ಎಲ್ಲಿದೆ ಅಂತ ನನಗೆ...