ಅಪ್ಪನ ಸಹಿಗೆ ಸಾಕ್ಷಿ

ಇಳಕಲ್ಲ
ತಾ. ೨೦-೧೧-೨೦೦೨

ಪ್ರೀತಿಯ ತಂಗಿ ಪದ್ಮಶ್ರೀಗೆ,

ನಿನ್ನ ಮೊಣಕಾಲ ನೋವು ಈಗ ಹೇಗಿದೆ? ಸೋಲಾಪುರದ ಡಾಕ್ಟರು ಕೊಟ್ಟ ಗುಳಿಗೆ ನಡುವೆ ಬಿಡಬೇಡ, ನಿನಗೆ ಆ ಚಾಳಿ ಸಣ್ಣವಳಿದ್ದಾಗಿನಿಂದಲೂ ಇದೆ. ನಿಮ್ಮ ಯಜಮಾನರ ಕೆಮ್ಮು ಕಡಿಮೆಯಾಯಿತೇ? ನಾನು ಗಟ್ಟಿಯಾಗಿದ್ದೇನೆ. ಎಷ್ಟು ಗಟ್ಟಿ ಎಂದರೆ, ಮೊನ್ನೆ ಸೋಮವಾರ ಹುನಗುಂದದ ಕೋರ್ಟಿನ ಮೆಟ್ಟಿಲನ್ನು ಯಾರ ಕೈಯನ್ನೂ ಹಿಡಿಯದೆ ಹತ್ತಿ, ನಗುತ್ತ ಇಳಿದು ಬಂದೆ. ಪದ್ಮಾ, ಗೆದ್ದೆವು! ಅಪ್ಪನ ಮೃತ್ಯುಪತ್ರ ಖರೆ ಎಂದು ತೀರ್ಪಾಯಿತು.

ದೂರದಲ್ಲಿರುವ ನಿನಗೆ ಎಲ್ಲವನ್ನೂ ಬಿಡಿಸಿ ಹೇಳಬೇಕು. ಅಪ್ಪ ತನ್ನ ಸ್ವಂತ ದುಡಿಮೆಯಲ್ಲಿ ಕಟ್ಟಿಸಿದ ಮನೆಯನ್ನು ನಮ್ಮಿಬ್ಬರಿಗೆ, ಮಗ್ಗಗಳನ್ನೂ ಸೀರೆ ಅಂಗಡಿಯನ್ನೂ ನಾಗಲಿಂಗಣ್ಣನಿಗೆ ಬರೆದಿಟ್ಟಿದ್ದ. ಅಪ್ಪನ ದಿನಕರ್ಮ ಮುಗಿದ ಮರುದಿನವೇ ಅಣ್ಣ, "ರಜಿಸ್ಟರ್ ಆಗದ ಕಾಗದಕ್ಕ ಕಿಮ್ಮತ್ತಿಲ್ಲ, ಮನಿ ಬಿಡು" ಎಂದ. ಗಂಡನನ್ನು ಕಳೆದುಕೊಂಡು ಬಂದು ಹನ್ನೆರಡು ವರ್ಷ ಅದೇ ಪಡಸಾಲೆಯಲ್ಲಿ ನೂಲು ಸುತ್ತಿದವಳು ನಾನು ಎಲ್ಲಿಗೆ ಹೋಗಲಿ? ವಕೀಲರು ಧೈರ್ಯ ಕೊಟ್ಟರು: "ಮೃತ್ಯುಪತ್ರಕ್ಕ ರಜಿಸ್ಟರ್ ಆಗಲೇಬೇಕಂತೇನಿಲ್ರಿ. ಸಹಿ ಮಾಡಿದ ಇಬ್ಬರು ಸಾಕ್ಷಿದಾರರೊಳಗ ಒಬ್ಬರಾದ್ರೂ ಬಂದು ಹೇಳಬೇಕು." ಒಬ್ಬರು ತೀರಿಹೋಗಿದ್ದರು. ಉಳಿದವರು ನಮ್ಮ ನೂಲಿಗೆ ಬಣ್ಣ ಹಾಕುತ್ತಿದ್ದ ಚಮನಸಾಬ ಕಾಕಾ. ಅವರು ಬಾದಾಮಿಯಲ್ಲಿ ಮಗಳ ಮನೆಯಲ್ಲಿದ್ದಾರೆಂದು ತಿಳಿದು ನಾನೇ ಬಸ್ಸು ಹತ್ತಿದೆ. ಅಣ್ಣ ನನಗಿಂತ ಮೊದಲೇ ಹೋಗಿ, ಈ ವಯಸ್ಸಿನಲ್ಲಿ ಕೋರ್ಟಿನ ಗೊಡವೆ ಬೇಡವೆಂದು ಹೇಳಿಬಂದಿದ್ದ. ಆದರೆ ನಾನು ಮಾತು ಮುಗಿಸುವ ಮೊದಲೇ ಕಾಕಾ ಮಂಜುಗಣ್ಣಲ್ಲಿ ಚಪ್ಪಲಿ ತಡಕಾಡತೊಡಗಿದರು. "ನಿಮ್ಮಪ್ಪ ನನ್ನ ನಂಬಿ ಸಹಿ ಮಾಡಿಸಿಕೊಂಡಾನವಾ. ಈಗ ಬರಲಿಲ್ಲಂದ್ರ ಅದು ಸಹಿ ಅಲ್ಲ, ಬರೇ ಮಸಿ."

ಕೋರ್ಟಿನಲ್ಲಿ ಅಣ್ಣನ ವಕೀಲರು ಜೋರಾಗಿಯೇ ಕೇಳಿದರು: "ಆ ಕಾಗದದಾಗ ಏನ್ ಬರದಿತ್ತು, ಓದಿದ್ರೇನು?" ಕಾಕಾ, "ಇಲ್ರಿ" ಎಂದುಬಿಟ್ಟರು. ಕೇಸು ಮುಳುಗಿತೆಂದುಕೊಂಡೆ. ವಕೀಲರು ನಕ್ಕರು. ಕಾಕಾ ಮಾತ್ರ ಶಾಂತವಾಗಿ ಮುಂದುವರಿಸಿದರು: "ಮಂದಿ ಮನಿ ಮಾತು ನಾ ಯಾಕ ಓದಲಿ? ಇವರಪ್ಪ ಅಂದಾನಪ್ಪ ಶುದ್ಧ ಬುದ್ಧಿಲೆ ನನ್ನ ಮುಂದ ಸಹಿ ಮಾಡಿದ. ಅವನ ಮುಂದ ನಾ ಮಾಡಿದೆ. ನೋಡಿದ್ದಿಷ್ಟು, ಹೇಳೂದಿಷ್ಟು." ಸಾಕ್ಷಿಯಿಂದ ಕಾನೂನು ಕೇಳುವುದು ಅಷ್ಟನ್ನೇ, ಒಳಗಿನ ಬರಹ ಅವನಿಗೆ ತಿಳಿದಿರಬೇಕಿಲ್ಲ ಎಂದು ನಮ್ಮ ವಕೀಲರು ಆಮೇಲೆ ಹೇಳಿದಾಗಲೇ ನನಗೆ ಉಸಿರು ಬಂತು. ಕಾಕಾರನ್ನು ಬಾದಾಮಿಗೆ ಮುಟ್ಟಿಸಿ, ಕಾಲು ಮುಟ್ಟಿ ನಮಸ್ಕರಿಸಿ ಬಂದೆ.

ತೀರ್ಪಿನ ದಿನ ಅಣ್ಣ ನನ್ನ ಮುಖ ನೋಡಲಿಲ್ಲ. ನನಗೆ ಅವನ ಮೇಲೆ ಸಿಟ್ಟಿಲ್ಲ. ಅಪ್ಪ ಅವನಿಗೂ ಕಡಿಮೆ ಕೊಟ್ಟಿಲ್ಲ, ಅದು ಅವನಿಗೆ ಗೊತ್ತಾಗಲು ಸ್ವಲ್ಪ ದಿನ ಬೇಕು. ದೀಪಾವಳಿಗೆ ಬರದವಳು ಸಂಕ್ರಾಂತಿಗಾದರೂ ಬಾ. ಬೀಗದ ಕೈ ಎರಡು ಮಾಡಿಸಿದ್ದೇನೆ.

ಸಂಗಮನಾಥ ನಿನ್ನ ಮನೆ ಮಕ್ಕಳನ್ನು ತಣ್ಣಗಿಟ್ಟಿರಲಿ.

ನಿನ್ನ ಅಕ್ಕ,
ಸಿದ್ದಲಿಂಗವ್ವ

ತಾ.ಕ.: ಟಪಾಲು ಹೊರಡುವ ಹೊತ್ತಾಯಿತು. ಸಕ್ರವ್ವ ವೈನಿ ಈಗಷ್ಟೇ ಹಿತ್ತಲ ಬಾಗಿಲಿಂದ ಬಂದು, ನಾಗಲಿಂಗಣ್ಣನಿಗೆ ತಿಳಿಯದಂತೆ ಹೇಳಿ ಹೋದರು. ನಿನ್ನ ಪಾಲಿನ ಅರ್ಧ ಮನೆಯನ್ನು ಬಿಟ್ಟುಕೊಡುವ ಕಾಗದ ಬರೆಸಿಕೊಂಡು ಅಣ್ಣ ಮುಂದಿನ ವಾರ ನಿನ್ನಲ್ಲಿಗೆ ಬರುತ್ತಾನಂತೆ. ಅಪ್ಪನ ಹೆಸರು ತೆಗೆದು ಅಳುತ್ತಾನೆ. ನೀನೂ ಅಳು. ಊಟ ಹಾಕು, ಹಾಸಿಗೆ ಹಾಕು. ಸಹಿ ಮಾತ್ರ ಹಾಕಬೇಡ.