ತೆರೆಯದೆ ಇಟ್ಟ ಹನ್ನೊಂದು ಮೇಲ್‌ಗಳ ವಿಳಂಬದ ಬಗ್ಗೆ

ಗೆಳೆಯರೂ ಸಹೋದ್ಯೋಗಿಗಳೂ ಆದ ರಹೀಂ ಸಾಹೇಬರ ಸನ್ನಿಧಿಗೆ,

೧. ಬರೆಯುತ್ತಿರುವವನ ವಿವರ: ಗುರುಶಾಂತಪ್ಪ, ವಯಸ್ಸು ಅರವತ್ತೊಂಬತ್ತು, ವಕೀಲರ ಕಛೇರಿಯಲ್ಲಿ ಹಿರಿಯ ಗುಮಾಸ್ತ, ವಾಸ ಸರಸ್ವತಿ ನಗರ, ದಾವಣಗೆರೆ.

೨. ಓದಬೇಕಾದವರ ವಿವರ: ಸದರಿ ಕಛೇರಿಯ ಹರಿಹರ ಶಾಖೆಯನ್ನು ಇಪ್ಪತ್ತೆರಡು ವರ್ಷ ಒಬ್ಬರೇ ನಡೆಸಿದ ಗುಮಾಸ್ತರು, ಈಗ ದಿವಂಗತರು.

೩. ವಿಷಯ: ತಾವು ಕಡೆಯದಾಗಿ ಕಳಿಸಿದ ಹನ್ನೊಂದು ಮೇಲ್‌ಗಳನ್ನು ನಾನು ತೆರೆಯದೆ ಇಟ್ಟದ್ದು.

೪. ವಿಳಂಬ: ನಲವತ್ತಾರು ದಿನ.

೫. ವಿಳಂಬಕ್ಕೆ ಕಾರಣ: ಒಂದು ಸಾಲಿನಲ್ಲಿ ಬರೆಯಲಾಗದ್ದರಿಂದ ಕೆಳಗೆ ನಿವೇದಿಸಿಕೊಂಡಿದ್ದೇನೆ.

ನನ್ನ ಮಗಳ ಲಗ್ನಪತ್ರಿಕೆಯ ಕರಡನ್ನು ನಿಮ್ಮ ಮುಂದಿಟ್ಟ ದಿನ ನೆನಪಿದೆಯೇ? ಕನ್ನಡಕವನ್ನು ಹಣೆಗೇರಿಸಿ, ಕಾಗದವನ್ನು ದೂರ ಹಿಡಿದು ಓದಿದಿರಿ. “ಗುರುಶಾಂತಪ್ಪನೋರೆ, ಇದು ಮದುವೀಗೆ ಕರೆಯೋ ಕಾಗದಾನೋ, ಸಮನ್ಸೋ? ‘ತಪ್ಪದೆ ಹಾಜರಾಗತಕ್ಕದ್ದು’ ಅಂತ ಹಾಕೀರಲ್ರೀ. ನಾವು ಬರ್ಲಿಲ್ಲಂದ್ರೆ ವಾರಂಟ್ ಕಳಿಸ್ತೀರೇನು?” ಕಛೇರಿಯೆಲ್ಲ ನಕ್ಕಿತು. ನನಗೆ ಮಾತ್ರ ಸಿಟ್ಟು ಬಂತು. ಹದಿನಾರನೆಯ ವಯಸ್ಸಿನಿಂದ ಹಳೆಯ ಅರ್ಜಿಗಳನ್ನು ನೋಡಿ ನಕಲು ಮಾಡುತ್ತಲೇ ಬರೆಯಲು ಕಲಿತವನು ನಾನು. ನನ್ನ ಕೈಗೆ ಬೇರೆ ಕನ್ನಡ ಬರುವುದಿಲ್ಲ. ಆ ಕನ್ನಡದ ಬಗ್ಗೆ ನನಗೆ ಹೆಮ್ಮೆಯೂ ಇತ್ತು. ಆದುದರಿಂದ ಮೇಲಿನ ಐದು ಅಂಶಗಳನ್ನು ಓದಿ ನೀವು ನಗುವುದಾದರೆ ನನ್ನ ತಕರಾರಿಲ್ಲ. ನಗುವುದಾದರೆ...

ನಮ್ಮ ವಕೀಲರಾದ ಸುಮಂಗಲಾ ಮೇಡಂ ಹೊಸ ತಂತ್ರಾಂಶವನ್ನು ಕಂಪ್ಯೂಟರಿಗೆ ಹಾಕಿಸಿದ ದಿನ ನೀವು ಹರಿಹರದಿಂದ ಬಂದು ನನ್ನ ಪಕ್ಕದಲ್ಲೇ ಕುಳಿತಿದ್ದಿರಿ. “ಇನ್ನ ಮ್ಯಾಲೆ ಕಕ್ಷಿದಾರರ ಕಾಗದ ಎಲ್ಲಾ ಮೇಲ್‌ನಾಗೆ ಬರ್ತವೆ. ಒಬ್ಬೊಬ್ಬರಿಗೂ ಒಂದೊಂದು ಫೋಲ್ಡರ್. ಕಳಿಸಿದೋರ ವಿಳಾಸ ನೋಡಿ ಅದೇ ಒಳಗೆ ಹಾಕ್ಕಂತೈತೆ,” ಎಂದು ಮೇಡಂ ವಿವರಿಸಿದರು. ನಮ್ಮ ಕಡೆಯ ಕಕ್ಷಿದಾರರು ಮೇಲ್ ಕಳಿಸುವವರೇ? ಹರಿಹರದ ಸುತ್ತಿನವರೆಲ್ಲ ಕಾಗದವನ್ನು ನಿಮ್ಮ ಕೈಗೆ ಕೊಟ್ಟು ಹೋಗುತ್ತಿದ್ದರು. ನೀವು ಮೇಜಿನ ಮೇಲೆ ಹರಡಿ, ಮೂಲೆಯನ್ನು ಹೆಬ್ಬೆರಳಿನಿಂದ ಒತ್ತಿ ಹಿಡಿದು, ಫೋಟೋ ತೆಗೆದು ನಿಮ್ಮ ವಿಳಾಸದಿಂದಲೇ ಕಳಿಸುತ್ತಿದ್ದಿರಿ. ಹೀಗಾಗಿ ತಂತ್ರಾಂಶ ನಿಮ್ಮನ್ನೇ ಕಕ್ಷಿದಾರರೆಂದು ತಿಳಿಯಿತು. ನಿಮ್ಮ ಹೆಸರಿನಲ್ಲೇ ಫೋಲ್ಡರ್ ಮಾಡಿತು. ಹೊಲದ ವ್ಯಾಜ್ಯ, ದತ್ತಕದ ವ್ಯಾಜ್ಯ, ಗೋಡೆಯ ವ್ಯಾಜ್ಯ, ಊರವರ ವ್ಯಾಜ್ಯವೆಲ್ಲ ನಿಮ್ಮ ಮೇಲೆಯೇ ಬಂದಂತೆ. ಅದರೊಳಗಿನ ಒಂದೊಂದು ಕಾಗದವನ್ನೂ ಎತ್ತಿ ಅದರದರ ಮನೆಗೆ ಸೇರಿಸುವುದು ನನ್ನ ಕೆಲಸವಾಯಿತು.

ಬೆಳಿಗ್ಗೆ ಹನ್ನೊಂದಕ್ಕೆ ನಿಮ್ಮ ಫೋನು. “ಮೂರು ಕಳಿಸೀನ್ರೀ. ಮೊದಲ್ನೇದು ಬಾತಿ ಬಸಪ್ಪಂದು. ಎರಡ್ನೇದು ಆ ಜಗಳಗಂಟಿ ಅಕ್ಕ-ತಂಗೇರದು. ಮೂರ್ನೇದು ಯಾರ್ದು ಅಂತ ನಂಗೂ ಮರ್ತೈತೆ, ನೀವೇ ಓದ್ರಿ.” ಕೆಲಸ ಎರಡು ನಿಮಿಷದ್ದು, ಮಾತು ಅರ್ಧ ಗಂಟೆಯದ್ದು. ನಿಮ್ಮ ಮೊಣಕಾಲು, ನನ್ನ ಸಕ್ಕರೆ ಕಾಯಿಲೆ, ಯಾವ ಅಂಗಡಿಯ ಮಂಡಕ್ಕಿ ಮೆತ್ತಗಾಗಿದೆ ಎಂಬುದು... ಈಗ ಹನ್ನೊಂದು ಗಂಟೆ ಹೊಡೆದಾಗ ನಾನು ಬರೆಯುವುದನ್ನು ನಿಲ್ಲಿಸುತ್ತೇನೆ. ಯಾಕೆಂದು ಯಾರೂ ಕೇಳುವುದಿಲ್ಲ.

ನಮ್ಮ ಕೊನೆಯ ಮಾತು ಜಗಳದ್ದಾಯಿತಲ್ಲ, ಸಾಹೇಬರೇ. ವಿಷಯದ ಸಾಲನ್ನು ಖಾಲಿ ಬಿಟ್ಟು ಮೇಲ್ ಕಳಿಸುವುದು ನಿಮ್ಮ ಪದ್ಧತಿ. ವಿಷಯವಿಲ್ಲದ ಪತ್ರ ಪತ್ರವೇ ಅಲ್ಲವೆಂಬುದು ನನ್ನ ಹಟ. “ತೆರೆದು ನೋಡ್ರಿ, ಗೊತ್ತಾಗ್ತೈತೆ. ಲಕೋಟೆ ಮ್ಯಾಲೆ ನಿಂತು ಯಾರಾದ್ರೂ ಜಗಳ ಆಡ್ತಾರೇನ್ರೀ?” ಎಂದಿರಿ. “ವಿಷಯ ಬರೀದಿದ್ರೆ ಇನ್ನು ನಾನು ತೆರೆಯೋದೇ ಇಲ್ಲ,” ಎಂದೆ. “ಬ್ಯಾಡ ಬಿಡ್ರಿ,” ಎಂದು ನೀವು ಫೋನ್ ಇಟ್ಟಿರಿ.

ಮರುದಿನ ಸಂಜೆ ಪರದೆಯಲ್ಲಿ ನಿಮ್ಮ ಹೆಸರು ದಪ್ಪ ಅಕ್ಷರಕ್ಕೆ ತಿರುಗಿತು. ಪಕ್ಕದಲ್ಲಿ ಹನ್ನೊಂದು ಎಂಬ ಅಂಕಿ. ಫೋನ್ ಬರಲಿ, ಆಮೇಲೆ ತೆರೆಯೋಣವೆಂದು ಫೋಲ್ಡರಿನೊಳಗೂ ಹೋಗದೆ ಬಿಗಿಯಾಗಿ ಕುಳಿತೆ. ಮಾರನೆಯ ದಿನ ಫೋನ್ ಬರಲಿಲ್ಲ. ಅದರ ಮಾರನೆಯ ದಿನವೂ ಬರಲಿಲ್ಲ. ಸಾಹೇಬರಿಗೂ ಸಿಟ್ಟು ಬರುತ್ತದೆಂದು ಒಳಗೊಳಗೇ ಹೆಮ್ಮೆಪಟ್ಟೆ. ಮೇಲ್‌ಗಳನ್ನು ಕಳಿಸಿದ ಆ ಸಂಜೆಯೇ ನಿಮ್ಮನ್ನು ಎದೆನೋವಿನಿಂದ ಆಸ್ಪತ್ರೆಗೆ ಸೇರಿಸಿದ್ದರು. ನಾಲ್ಕನೆಯ ದಿನ ಬಂದ ಸುದ್ದಿ... ಅದನ್ನು ನಿಮಗೇ ಹೇಗೆ ಬರೆಯಲಿ? ಹರಿಹರಕ್ಕೆ ಬಂದು ಮೂರು ಹಿಡಿ ಮಣ್ಣು ಹಾಕಿದೆ.

ಮೊದಲು ತೆರೆಯದೆ ಇದ್ದದ್ದು ಹಟದಿಂದ. ಆಮೇಲೆ ತೆರೆಯದೆ ಇದ್ದದ್ದಕ್ಕೆ ಯಾವ ಅರ್ಜಿಯಲ್ಲೂ ನಕಲು ಮಾಡಲು ವಾಕ್ಯ ಸಿಗಲಿಲ್ಲ. ಮೇಲ್ ತೆರೆದರೆ ದಪ್ಪ ಅಕ್ಷರ ತೆಳುವಾಗುತ್ತದೆ, ಅಂಕಿ ಒಂದೊಂದಾಗಿ ಇಳಿಯುತ್ತದೆ. ಇಳಿದು ಮುಗಿದ ಮೇಲೆ ನೀವು ನನಗೆ ಹೇಳಬೇಕಾದದ್ದು ಏನೂ ಉಳಿದಿರುವುದಿಲ್ಲ. ದಿನವೂ ಕಂಪ್ಯೂಟರ್ ಹಚ್ಚಿ ಆ ಹನ್ನೊಂದನ್ನು ನೋಡುತ್ತಿದ್ದೆ. ಇನ್ನೂ ಬಾಕಿ ಇದೆ ಎಂಬ ಸಮಾಧಾನ. ಅದು ಕಕ್ಷಿದಾರರ ಕಾಗದ, ನನ್ನ ಸಮಾಧಾನಕ್ಕೆ ಇಟ್ಟದ್ದಲ್ಲ ಎಂದು ತಿಳಿಯದಷ್ಟು ಹೊಸಬನೇ ನಾನು?

ಲೋಕಿಕೆರೆಯ ಹಾಲಮ್ಮ ಬಂದ ದಿನವನ್ನು ಮುಚ್ಚಿಡದೆ ಬರೆಯುತ್ತೇನೆ. ತಂದೆಯ ಆಸ್ತಿಗಾಗಿ ಆಕೆ ಹೂಡಿದ ದಾವೆ ನಿಮಗೆ ಗೊತ್ತೇ ಇದೆ. ಆಕೆ ತನ್ನ ತಂದೆಯ ಮಗಳೇ ಅಲ್ಲ, ಎಲ್ಲಿಂದಲೋ ತಂದು ಸಾಕಿದ ಹುಡುಗಿ ಎಂದು ದಾಯಾದಿಗಳು ಕೋರ್ಟಿನಲ್ಲಿ ಹೇಳಿಕೆ ಹಾಕಿದ್ದರು. ಚಿಕ್ಕವಳಿದ್ದಾಗ ಸೋದರಮಾವನ ಮನೆಯಲ್ಲಿದ್ದು ಹರಿಹರದ ಶಾಲೆಯಲ್ಲಿ ಎರಡು ವರ್ಷ ಓದಿದ್ದಳು. ಆ ಶಾಲೆಯ ಹಳೆಯ ದಾಖಲಾತಿ ಪುಸ್ತಕದಲ್ಲಿ ತಂದೆಯ ಹೆಸರು ಇರಲೇಬೇಕೆಂದು ನೀವು ಹಿಡಿದ ಪಟ್ಟು ಬಿಟ್ಟಿರಲಿಲ್ಲ. ವಾಯಿದೆಯ ಹಿಂದಿನ ದಿನ ಆಕೆ ಸೆರಗಿನಲ್ಲಿ ಬೆವರು ಒರೆಸಿಕೊಳ್ಳುತ್ತ ನನ್ನ ಮೇಜಿನ ಮುಂದೆ ನಿಂತು ಕೇಳಿದಳು:

“ಯಜಮಾನ್ರೆ, ಸಾಲಿ ಕಾಗದ ಬಂತೇನ್ರೀ?”

“ಇಲ್ಲಮ್ಮ. ಸಾಹೇಬರು ಕಳಿಸಿಲ್ಲ.”

“ಕಳಿಸ್ತೀನಿ ಅಂತ ಹೇಳಿದ್ರಲ್ರೀ?”

“ಹೇಳಿರಬಹುದಮ್ಮ. ಅಷ್ಟರಾಗೆ ತೀರ್ಕಂಡ್ರಲ್ಲ.”

“ನೀವು ಇನ್ನೊಂದ್ಸಲ ನೋಡ್ರಿ. ಆ ಮನುಷ್ಯ ಒಂದ್ಸಲ ಅಂದ್ರೆ ಅಂದಂಗೇ. ಇಲ್ದಿದ್ರೆ ನಾಳೆ ಜಡ್ಜ್‌ ಮುಂದೆ ನಾನು ಯಾರ ಮಗಳು ಅಂತ ನಿಂದ್ರಲಿ?”

ಸಾಹೇಬರೇ, ನನಗೆ ಗೊತ್ತಿರಲಿಲ್ಲವೆಂದು ಬರೆಯಬಹುದಿತ್ತು. ಹನ್ನೊಂದು ಮೇಲ್‌ಗಳು ಮುಚ್ಚಿಕೊಂಡು ಕುಳಿತಿದ್ದುದು ನನ್ನ ಕಣ್ಣೆದುರಿಗೇ ಇತ್ತು. ನೋಡದೆಯೇ ಇಲ್ಲ ಎಂದೆ. ತಿರುಗಿ ಮಾತಾಡಲಾಗದ ನಿಮ್ಮ ಮೇಲೆ ತಪ್ಪು ಹಾಕಿಬಿಟ್ಟೆ.

ಮರುದಿನ ನ್ಯಾಯಾಧೀಶರು ಕಡೆಯ ಅವಕಾಶವೆಂದು ಎರಡು ವಾರದ ವಾಯಿದೆ ಕೊಟ್ಟರು. ಅಷ್ಟರೊಳಗೆ ದಾಖಲೆ ಬಾರದಿದ್ದರೆ ಹಾಲಮ್ಮನ ಸಾಕ್ಷ್ಯ ಅಲ್ಲಿಗೇ ಮುಕ್ತಾಯ. ಹೊರಗೆ ಬಂದ ಮೇಡಂ, “ಹರಿಹರದ ಗುಮಾಸ್ತರು ತೀರ್ಕಂಡಿದ್ದಕ್ಕೆ ತಡ ಆತು ಅಂತ ಒಂದು ಅರ್ಜಿ ರೆಡಿ ಮಾಡಿಟ್ಟಿರ್ರಿ. ಕಾಗದ ಎಲ್ಲೈತೆ ಅಂತ ಆಮ್ಯಾಲೆ ಹುಡುಕೋಣ,” ಎಂದರು. ನಾನು ಬರೆದೆ. “ಸದರಿ ಶಾಖೆಯ ಗುಮಾಸ್ತರು ಅಕಾಲಿಕವಾಗಿ ನಿಧನ ಹೊಂದಿದ ಪ್ರಯುಕ್ತ ಸದರಿ ದಾಖಲೆಯು ಸಕಾಲದಲ್ಲಿ ಕಛೇರಿಗೆ ತಲುಪದೆ ಹೋದುದರಿಂದ...” ಎಂತಹ ಸೊಗಸಾದ ವಾಕ್ಯ! ಯಾವ ನ್ಯಾಯಾಧೀಶರೂ ಎರಡನೆಯ ಪ್ರಶ್ನೆ ಕೇಳುವುದಿಲ್ಲ. ಒಂದೇ ಏಟಿಗೆ ಕೈ ಓಡಿತು, ಎಲ್ಲೂ ತಿದ್ದಬೇಕಾಗಲಿಲ್ಲ. ಪೂರ್ತಿ ಓದಿಕೊಂಡಾಗ ಆ ವಾಕ್ಯದಲ್ಲಿ ತಪ್ಪಿತಸ್ಥರು ನೀವೊಬ್ಬರೇ ಇದ್ದಿರಿ. ನಾನು ಎಲ್ಲೂ ಇರಲಿಲ್ಲ.

ಆಗ ನಿಮ್ಮ ಫೋಲ್ಡರ್ ತೆರೆದೆ.

ನೀವು ನನ್ನನ್ನು ಹೀಗೆ ಸೋಲಿಸುವಿರೆಂದು ನಾನು ಅಂದುಕೊಂಡಿರಲಿಲ್ಲ. ಹನ್ನೊಂದಕ್ಕೆ ಹನ್ನೊಂದರಲ್ಲೂ ವಿಷಯದ ಸಾಲು ತುಂಬಿತ್ತು. ಆರನೆಯದು ಹೀಗಿತ್ತು: “ಮಾನ್ಯ ಗುರುಶಾಂತಪ್ಪನವರ ಅವಗಾಹನೆಗೆ, ಲೋಕಿಕೆರೆ ವಾಸಿ ಹಾಲಮ್ಮನವರ ಶಾಲಾ ದಾಖಲಾತಿಯ ದೃಢೀಕೃತ ನಕಲು, ಪುಟ ಎರಡು, ಅಸಲು ಪ್ರತಿ ನನ್ನ ಚೀಲದಲ್ಲಿದೆ, ತಪ್ಪದೆ ತೆರೆಯತಕ್ಕದ್ದು.” ಕೂತು ನಕ್ಕೆ. ಎಷ್ಟು ನಕ್ಕೆನೆಂದರೆ ಮೇಡಂ ತಮ್ಮ ಕೋಣೆಯಿಂದ ಎದ್ದು ಬಂದರು. ಬಂದವರು ಒಂದು ಲೋಟ ನೀರನ್ನು ಮೇಜಿನ ಮೇಲಿಟ್ಟು ಹಿಂದಿರುಗಿದರು.

ಆ ಮಧ್ಯಾಹ್ನವೇ ಹರಿಹರದ ಬಸ್ಸು ಹತ್ತಿದೆ. ಬಾಗಿಲು ತೆರೆದ ನಿಮ್ಮ ಮನೆಯವರು, “ಬರ್ರಿ ಭಾಯಿಸಾಬ್, ಕೂಡ್ರಿ,” ಎಂದು ಚಾಪೆ ಹಾಕಿದರು. ಚೀಲ ಗೋಡೆಯ ಮೊಳೆಗೆ ನೇತಾಡುತ್ತಿತ್ತು. ಅದನ್ನು ತಾವೇ ಇಳಿಸಿ ನನ್ನ ಮುಂದಿಟ್ಟರು. ಅಸಲು ಪ್ರತಿ ಪ್ಲಾಸ್ಟಿಕ್ ಹಾಳೆಯೊಳಗೆ ಮಡಿಕೆಯಿಲ್ಲದೆ ಇತ್ತು.

“ಆಸ್ಪತ್ರೇಲಿ ನನ್ನ ಜೀವ ತಿಂದ್ರು ನೋಡ್ರಿ,” ಎಂದರು. “ಗುರುಶಾಂತಪ್ಪನೋರು ಮೇಲ್ ನೋಡಿದ್ರಾ, ಫೋನ್ ಹಚ್ಚಿ ಕೇಳು ಅಂತ. ಇರ್ರಿ, ಮೊದ್ಲು ಹುಷಾರಾಗ್ರಿ ಅಂತ ನಾನೇ ಬೈದೆ. ನೀವು ನೋಡಿದ್ರಲ್ಲ ಅವಾಗ್ಲೇ?”

ಏನು ಹೇಳಲಿ, ಸಾಹೇಬರೇ? ಹೌದೆಂದರೆ ಆ ತಾಯಿಗೆ ಸಮಾಧಾನವಾಗುತ್ತಿತ್ತು. ನನಗೂ ಆಗುತ್ತಿತ್ತು.

“ಇಲ್ಲಮ್ಮ. ಇವತ್ತು ನೋಡಿದೆ,” ಎಂದೆ.

ಅವರು ಒಳಗೆ ಹೋದರು. ಬಹಳ ಹೊತ್ತು ಬರಲಿಲ್ಲ. ಎದ್ದು ಹೋಗಬೇಕೋ, ಕೂತಿರಬೇಕೋ ತಿಳಿಯದೆ ಚೀಲದ ಪಟ್ಟಿಯನ್ನು ಹಿಡಿದುಕೊಂಡು ಕುಳಿತೆ. ಕಡೆಗೆ ಚಹಾ ತಂದು ಮುಂದಿಟ್ಟು, “ಸಕ್ಕರಿ ಹಾಕಿಲ್ಲ. ನಿಮಗೆ ಬ್ಯಾಡ ಅಂತ ಅವ್ರು ಹೇಳ್ತಿದ್ರು,” ಎಂದರು. ಅಷ್ಟೇ. ಬೈದಿದ್ದರೆ ಹಗುರಾಗುತ್ತಿತ್ತೋ ಏನೋ.

ಮರುದಿನ ನನ್ನ ಸೊಗಸಾದ ಅರ್ಜಿಯನ್ನು ಹರಿದು ಮೇಡಂ ಎದುರು ನಿಂತೆ. ದಾಖಲೆ ಸ್ವೀಕರಿಸಬೇಕೆಂಬ ಹಾಲಮ್ಮನ ಹೊಸ ಅರ್ಜಿಯ ಜೊತೆಗೆ, ತಡವಾದದ್ದಕ್ಕೆ ನಾನೇ ಪ್ರಮಾಣ ಪತ್ರ ಕೊಡುತ್ತೇನೆಂದು ಹೇಳಿದೆ.

“ಯಾಕ ಬೇಕು ಗುರುಶಾಂತಪ್ಪನೋರೆ? ಈ ವಯಸ್ನಾಗೆ ಕಟಕಟೆ ಹತ್ತಿಸಿ ನಿಮ್ಮನ್ನ ಜಗ್ಗಾಡ್ತಾರೆ. ತೀರ್ಕಂಡಿದ್ದೂ ಖರೇನೇ ಐತಲ್ಲ?”

“ಖರೆ ಮೇಡಂ. ಆದ್ರೆ ತಡ ಅವರದ್ದಲ್ಲ.”

ಸಾವಿರಾರು ಪ್ರಮಾಣ ಪತ್ರಗಳನ್ನು ಬರೆದ ಕೈ ಇದು. ಎಲ್ಲವೂ ಬೇರೆಯವರ ‘ನಾನು’. ನನ್ನ ಹೆಸರು ಬರೆದು ಮುಂದೆ ಕುಳಿತಾಗ ಸದರಿ, ಪ್ರಯುಕ್ತ, ಮೇರೆಗೆ ಎಂಬ ಮಾತುಗಳೆಲ್ಲ ಎಲ್ಲಿ ಹೋದವೋ. ಅರ್ಧ ಪುಟವೂ ಆಗಲಿಲ್ಲ. ಹೀಗೆ ಬರೆದೆ: “ರಹೀಂ ಸಾಹೇಬರು ದಾಖಲೆಯನ್ನು ಸರಿಯಾದ ಸಮಯಕ್ಕೆ ಕಳಿಸಿದ್ದರು. ಅದು ನಮ್ಮ ಕಛೇರಿಗೆ ಬಂದಿತ್ತು. ನಾನು ತೆರೆಯಲಿಲ್ಲ. ಹಾಲಮ್ಮನವರಿಗೆ ಬಂದಿಲ್ಲವೆಂದು ಹೇಳಿದೆ. ಅದು ಸುಳ್ಳು.”

ಹಾಲಮ್ಮನಿಗೆ ಅದನ್ನು ಓದಿ ಹೇಳಿದೆ. ಆಕೆ ಕ್ಷಮಿಸಿದೆ ಎನ್ನಲಿಲ್ಲ. “ನಾನು ಅವತ್ತೇ ಅಂದ್ನಲ್ರೀ, ಇನ್ನೊಂದ್ಸಲ ನೋಡ್ರಿ ಅಂತ,” ಎಂದಳು. ಸರಿಯಾಗಿಯೇ ಅಂದಳು.

ಉಳಿದ ಹತ್ತು ಮೇಲ್‌ಗಳ ಕಾಗದಗಳನ್ನೂ ಆಯಾ ಕಕ್ಷಿದಾರರ ಫೋಲ್ಡರುಗಳಿಗೆ ಸೇರಿಸಿದ್ದೇನೆ. ನಿಮ್ಮ ಹೆಸರಿನ ಮುಂದೆ ಈಗ ಅಂಕಿಯಿಲ್ಲ. ಒಳಗೆ ಹೋದರೆ ಇಲ್ಲಿ ಏನೂ ಇಲ್ಲವೆಂದು ಬರುತ್ತದೆ. ಖಾಲಿ ಫೋಲ್ಡರುಗಳನ್ನು ಅಳಿಸಬಹುದೆಂದು ಮೇಡಂ ಹೇಳಿದ್ದಾರೆ. ನೋಡೋಣ ಎಂದಿದ್ದೇನೆ. ಹರಿಹರದಿಂದ ಈಗ ಯಾರ ಕಾಗದ ಯಾವ ವಿಳಾಸದಿಂದ ಬಂದರೂ ಬಂದ ದಿನವೇ ತೆರೆಯುತ್ತೇನೆ. ಅದರಲ್ಲಿ ವಿಷಯ ಇರಲಿ, ಬಿಡಲಿ. ಈ ಮಾತನ್ನು ಪ್ರಮಾಣ ಮಾಡಿಯೇ ಹೇಳುತ್ತಿದ್ದೇನೆಂದು ತಿಳಿಯಿರಿ.

ಇನ್ನು ನೀವು ಕೇಳದೆ ಹೋದ ಸುದ್ದಿ. ಮೊನ್ನೆ ವಾಯಿದೆ ಇತ್ತು. ಎದುರು ವಕೀಲರು ನನ್ನನ್ನು ಕಟಕಟೆಗೆ ಕರೆದರು. “ಏನ್ರೀ ಯಜಮಾನ್ರೆ, ಸತ್ತೋರ ಮೇಲ್‌ನ ನಲವತ್ತಾರು ದಿನ ಯಾಕ ತೆರೀಲಿಲ್ಲ? ಕಂಪ್ಯೂಟರ್ ಬರೋದಿಲ್ಲೇನು?” ಎಂದು ಕೆಣಕಿದರು. ಯಾರೋ ಹಿಂದಿನಿಂದ ನಕ್ಕರು. “ಬರ್ತೈತ್ರಿ,” ಎಂದೆ, “ತೆರೆದ್ರೆ ಮುಗಿದು ಹೋಗ್ತೈತಲ್ಲ ಅಂತ ತೆರೀಲಿಲ್ಲ.” ಅವರು “ಅಷ್ಟೇ,” ಎಂದು ಕುಳಿತುಬಿಟ್ಟರು. ನ್ಯಾಯಾಧೀಶರು ದಾಖಲೆಯನ್ನು ಸ್ವೀಕರಿಸಿದರು. ತೀರ್ಪಿಗೆ ಇನ್ನೂ ಕಾಲವಿದೆ. ಆದರೆ ಅವತ್ತು ಅವರು ಶಾಲೆಯ ಪುಟವನ್ನು ಕೈಯಲ್ಲಿ ಹಿಡಿದು ಹಾಲಮ್ಮ, ತಂದೆ ಕರಿಯಪ್ಪ ಎಂದು ಎಲ್ಲರಿಗೂ ಕೇಳುವಂತೆ ಓದಿದರು. ಹಾಲಮ್ಮ ಕೂತಲ್ಲಿಂದ ಎದ್ದು, ಶಾಲೆಯಲ್ಲಿ ಹಾಜರಿ ಕೂಗಿದಾಗ ಹೇಳುವಂತೆ, “ಇದೀನ್ರೀ,” ಎಂದಳು.

ಇಂತಿ ತಮ್ಮ ವಿಶ್ವಾಸಿ,
(ಸಹಿ) ಗುರುಶಾಂತಪ್ಪ
ದಾವಣಗೆರೆ

ಲಗತ್ತು: ನನ್ನ ಪ್ರಮಾಣ ಪತ್ರದ ನಕಲು, ಪುಟ ಒಂದು.