ಸಮುದ್ರ ಪೂರ್ತಿ ಬರಲಿ ಎಂದು

ಹೊನ್ನಾಳಿ
೧೪-೨-೧೯೩೮, ಸೋಮವಾರ

ಮುದ್ದಿನ ಮಗಳು ನಿರ್ಮಲೆಗೆ, ನಿನ್ನ ಅಪ್ಪ ಹರಸಿ ಬರೆಯುವುದು.

ನೀವೆಲ್ಲ ಹೇಗಿದ್ದೀರಿ? ಪುಟ್ಟನ ಕೆಮ್ಮು ಬಿಟ್ಟಿತೆ? ಬಿಡದಿದ್ದರೆ ಆ ಹೊನ್ನಾವರದ ಉಪ್ಪುಗಾಳಿಯೇ ಕಾರಣ, ಬೇರೆ ಯಾರ ಮಾತನ್ನೂ ಕೇಳಬೇಡ ಎಂದು ನಿನ್ನಮ್ಮ ಹೇಳಿ ಬರೆಸುತ್ತಿದ್ದಾಳೆ. ನಿನ್ನ ಅತ್ತೆಯವರು ಈಗ ಎದ್ದು ಕೂರುತ್ತಾರೆಯೆ? ಅಳಿಯಂದಿರಿಗೆ ಭಾನುವಾರವಾದರೂ ಡಿಪೋದಿಂದ ಬಿಡುವು ಸಿಗುತ್ತಿದೆಯೋ, ಅಥವಾ ಇನ್ನೂ ದಿಮ್ಮಿಗಳಿಗೆ ನಂಬರು ಬರೆಯುತ್ತಲೇ ಇದ್ದಾರೋ? ಇಲ್ಲಿ ನಿನ್ನ ಅಜ್ಜಿ ಉಚ್ಚಂಗೆಮ್ಮನಿಗೆ ತೊಂಬತ್ತು ಹತ್ತಿರವಾಯಿತು. ಹಾಸಿಗೆ ಬಿಟ್ಟು ಏಳುವುದಿಲ್ಲ, ಆದರೆ ರೊಟ್ಟಿ ದಪ್ಪವಾಯಿತೆಂದು ಬೈಯುವಷ್ಟು ಗಟ್ಟಿಯಾಗಿದ್ದಾಳೆ. ನನಗೆ ಮಂಡಿನೋವು ಮತ್ತು ಸಿಟ್ಟು, ಎರಡೂ ಎಂದಿನಂತೆ.

ನಿನ್ನ ಎರಡು ಕಾಗದಗಳಿಗೆ ನಾನು ಉತ್ತರ ಬರೆಯಲಿಲ್ಲ. ಎರಡರಲ್ಲೂ ಒಂದೇ ಪ್ರಶ್ನೆ: ಫೋಟೋ ಹೇಗೆ ಬಂದವು ಅಪ್ಪಾ, ಅಮ್ಮ ನೋಡಿದಳೆ? ಮೂವತ್ತೊಂದು ವರ್ಷ ಮಕ್ಕಳಿಗೆ ಪಾಠ ಹೇಳಿದವನು ನಾನು. ಗೊತ್ತಿಲ್ಲದ ಪ್ರಶ್ನೆ ಬಂದರೆ ನಾಳೆ ಹೇಳುತ್ತೇನೆ ಎಂದು ಜಾರಿಕೊಂಡದ್ದುಂಟು. ಇದು ಗೊತ್ತಿಲ್ಲದ್ದಲ್ಲ, ಹೇಳಲು ನಾಚಿಕೆಯಾಗುವಂಥದ್ದು. ಇವತ್ತು ಹೇಳಿಬಿಡುತ್ತೇನೆ.

ಮೊದಲು ಅಮ್ಮನ ಕಣ್ಣಿನ ವಿಷಯ. ಡಿಸೆಂಬರಿನಲ್ಲಿ ನಿನ್ನಲ್ಲಿಗೆ ಬಂದಾಗ, ಪೊರೆ ಬಂದಿದೆ, ಬಲಿತ ಮೇಲೆ ತೆಗೆಸಿದರೆ ಆಯಿತು ಎಂದಿದ್ದೆ. ಅದು ಸುಳ್ಳು. ಶಿವಮೊಗ್ಗೆಯ ಡಾಕ್ಟರು ಹೇಳಿದ್ದೇ ಬೇರೆ. ಇದು ಪೊರೆಯಲ್ಲ, ಕಣ್ಣಿನ ನರವೇ ಸೋಲುತ್ತಿದೆ, ಕತ್ತಿ ಹಾಕಿ ಪ್ರಯೋಜನವಿಲ್ಲ, ಯುಗಾದಿಯವರೆಗೆ ದೃಷ್ಟಿ ಉಳಿದರೆ ನಿಮ್ಮ ಪುಣ್ಯ ಎಂದರು. ನಿನಗೆ ಹೇಳಕೂಡದೆಂದು ನಿನ್ನಮ್ಮ ನನ್ನಿಂದ ಆಣೆ ಮಾಡಿಸಿದ್ದಳು. ‘ಅಕಿ ಸಂಸಾರ ಅಕಿಗೈತೆ. ಅತ್ತೆ ಹಾಸಿಗೆ ಹಿಡಿದಿರುವಾಗ ಕರೆಯಾಕೆ ನಮಗೇನು ಬುದ್ಧಿ ಇಲ್ಲೇನ್ರೀ? ಕರೀಬ್ಯಾಡ್ರಿ’ ಎಂದಳು. ತಾನೇ ಹೊರಟು ಬರೋಣವೆಂದರೆ ಅಜ್ಜಿಯನ್ನು ಬಿಡುವಂತಿಲ್ಲ. ಮೂರು ತಿಂಗಳ ಕೂಸನ್ನು ಎತ್ತಿಕೊಂಡು ನೀನು ಬಸ್ಸು ಹತ್ತಿದ್ದು ಮೂರು ವರ್ಷದ ಹಿಂದೆ. ಆಮೇಲೆ ಅವಳು ನಿನ್ನ ಮುಖ ನೋಡಿಲ್ಲ. ಅದಕ್ಕೇ ನನ್ನನ್ನು ಕಳಿಸಿದಳು. ‘ನೀವು ಹೋಗ್ರಿ. ಆ ಡಬ್ಬಿ ತಗಂಡ್ ಹೋಗ್ರಿ. ನನ್ನ ಮಗಳ ಮಕ ತಗಂಬರ್ರಿ’ ಎಂದಳು. ನಾನು ಸಮುದ್ರ ನೋಡಲು ಬಂದೆನೆಂದು ನೀನು ತಿಳಿದಿದ್ದೆ, ಅಲ್ಲವೆ? ನಿನ್ನ ಮುಖ ಒಯ್ಯಲು ಬಂದಿದ್ದೆ ಮಗಳೇ.

ಆ ಡಬ್ಬಿ ಕ್ಯಾಮರಾದ ಹುಚ್ಚು ನಿನಗೆ ಗೊತ್ತೇ ಇದೆ. ಅಮಲ್ದಾರರು ವರ್ಗವಾಗುವಾಗ ಕೊಟ್ಟುಹೋದಾಗಿನಿಂದ ನನಗೆ ಬೇರೆ ಕೆಲಸವಿಲ್ಲ. ನಾನು ತೆಗೆಯುವ ರೀತಿಯೂ ಗೊತ್ತು, ಅದಕ್ಕೆ ನೀನು ನಗುತ್ತಿದ್ದೆ. ಹೊಳೆಯಾದರೆ ಆಚೆ ದಡ ಬರಬೇಕು. ಕೆರೆಯಾದರೆ ಏರಿ, ತೂಬು, ಎದುರಿನ ಗುಡ್ಡ ಎಲ್ಲ ಬರಬೇಕು. ಅರ್ಧ ಕೆರೆಯನ್ನು ಹಿಡಿದರೆ ಅದೆಂಥ ಚಿತ್ರ? ಸೂಳೆಕೆರೆಯನ್ನು ಪೂರ್ತಿ ಹಿಡಿಯಲೆಂದು ಬಸವಾಪಟ್ಟಣದ ಕಡೆಯ ಗುಡ್ಡ ಹತ್ತಿ ಮುಳ್ಳು ತುಳಿದು ಬಂದವನು ನಾನು. ಅದೇ ಚಾಳಿಯಲ್ಲಿ ನಿಮ್ಮೂರ ಮರಳಿನ ಮೇಲೆ ನಿಂತೆ. ನೀನು ಪುಟ್ಟನನ್ನು ಸೊಂಟದಲ್ಲಿಟ್ಟುಕೊಂಡು ನೀರಿನ ಅಂಚಿಗೆ ನಿಂತಿದ್ದೆ. ಡಬ್ಬಿಯ ಕಿಂಡಿಯಲ್ಲಿ ಬಗ್ಗಿ ನೋಡಿದರೆ ಸಮುದ್ರ ಎರಡು ಕಡೆಯೂ ಕತ್ತರಿಸಿಹೋಗುತ್ತಿತ್ತು. ಪೂರ್ತಿ ಬರಲಿ ಎಂದು ನಾಲ್ಕು ಹೆಜ್ಜೆ ಹಿಂದೆ ಹೋದೆ. ಬರಲಿಲ್ಲ. ಇನ್ನೂ ಹತ್ತು ಹೆಜ್ಜೆ. ‘ಸಾಕು ಅಪ್ಪಾ, ಎಲ್ಲಿಗೆ ಹೊರಟಿರಿ’ ಎಂದು ನೀನು ಕೂಗಿದೆ. ಕೊನೆಗೆ ಗಾಳಿಮರಗಳಿಗೆ ಬೆನ್ನು ತಾಗುವವರೆಗೆ ಹೋದೆ. ಆಚೆ ದಡವೇ ಇಲ್ಲದ ನೀರು ಎಷ್ಟು ಹಿಂದೆ ಹೋದರೂ ಪೂರ್ತಿ ಬರುವುದಿಲ್ಲವೆಂಬ ಬುದ್ಧಿ ಈ ಹೊಳೆದಂಡೆಯ ಮೇಷ್ಟರಿಗೆ ಬೇಡವೆ? ಒಂದಲ್ಲ, ಎರಡಲ್ಲ, ರೋಲಿನಲ್ಲಿದ್ದ ಎಂಟನ್ನೂ ಹಾಗೇ ತೆಗೆದೆ.

ದಾವಣಗೆರೆಯಲ್ಲಿ ತೊಳೆಸಿ ತಂದು ಜಗಲಿಯ ಮೇಲೆ ಹರವಿದೆ. ಅಲೆ, ಮೋಡ, ದೋಣಿ ಎಲ್ಲ ಅಷ್ಟು ಚೆನ್ನಾಗಿ ಬಂದಿದ್ದವು. ನನಗೆ ಒಳಗೊಳಗೇ ಜಂಬ. ನಿನ್ನಮ್ಮ ಒಂದೊಂದನ್ನೇ ಎತ್ತಿ ಮೂಗಿನ ಹತ್ತಿರ ಹಿಡಿದಳು. ಎಂಟೂ ಮುಗಿಯಿತು. ‘ಎಲ್ರೀ?’ ಎಂದಳು. ಪಕ್ಕದ ಮನೆಯ ಚೌಡಮ್ಮ ಬಗ್ಗಿ ಹುಡುಕಿ, ‘ಇಗಾ ಇಲ್ಲಿ, ರಾಗಿಕಾಳಿನಂಗೆ ಕಾಣ್ತಾಳಲ್ಲಾ, ಅದೇ ನಿರ್ಮಲಿ ಇರಬೇಕು’ ಎಂದಳು. ಆಮೇಲೆ ನನಗೆ ಬಿದ್ದ ಬೈಗಳನ್ನು ನೀನು ಕೇಳಬೇಕಿತ್ತು. ‘ಸಮುದ್ರ ಎಲ್ಲಿಗೂ ಓಡಿಹೋಗಾಕಿಲ್ಲ, ಅಲ್ಲೇ ಬಿದ್ದಿರ್ತೈತೆ. ಮಗಳ ಮಕ ತಗಂಬರ್ರಿ ಅಂದ್ರೆ ಉಪ್ಪುನೀರು ಹೊತ್ಕಂಬಂದೀರಲ್ರೀ! ನೀರು ನೋಡಾಕೆ ನಮ್ಮ ಹೊಳೆ ಸಾಲದೇನು?’ ನಾನೂ ಸುಮ್ಮನಿರಲಿಲ್ಲ. ನಿನಗೆ ಚಿತ್ರದ ಬೆಲೆ ಏನು ಗೊತ್ತು ಎಂದೆ. ಅಂದ ತಕ್ಷಣ ನನ್ನ ನಾಲಗೆಯನ್ನು ಕಿತ್ತು ಬಿಸಾಡುವಷ್ಟು ಸಂಕಟವಾಯಿತು. ಅವಳು ಜಗಲಿಯಿಂದ ಎದ್ದು ಒಲೆಯ ಮುಂದೆ ಹೋಗಿ ಕೂತಳು.

ಈಗ ದಿನವೂ ಒಂದೇ ಕೆಲಸ ನಡೆಯುತ್ತಿದೆ. ಊಟವಾದ ಮೇಲೆ ಚೌಡಮ್ಮ ತೋರಿಸಿದ ಆ ಚಿತ್ರವನ್ನು ಕೈಗೆತ್ತಿಕೊಳ್ಳುತ್ತಾಳೆ, ಯಾರು ಬಂದರೆ ಅವರ ಮುಂದೆ ಹಿಡಿಯುತ್ತಾಳೆ. ‘ನನ್ನ ಮಗಳು ಎಲ್ಲೈದಾಳೆ, ನನ್ನ ಬೆರಳು ಹಿಡಿದು ಇಡ್ರಿ’ ಎನ್ನುತ್ತಾಳೆ. ಅವರು ಬೆರಳು ಹಿಡಿದು ಇಡುತ್ತಾರೆ. ಅವಳು ಅಲ್ಲೇ ಬೆರಳಾಡಿಸುತ್ತ ಕೂರುತ್ತಾಳೆ. ಎಣ್ಣೆಗೈಯಲ್ಲಿ ಮುಟ್ಟಬೇಡ ಎಂದು ಗದರುತ್ತಿದ್ದವನು ಈಗ ಬಾಯಿ ಮುಚ್ಚಿಕೊಂಡಿದ್ದೇನೆ. ನೀನು ನಿಂತ ಜಾಗ ಸವೆದು ಮಾಸಿಹೋಗಿದೆ.

ಹೋದ ವಾರ, ಇದ್ದುದರಲ್ಲಿ ನೀನು ಸ್ವಲ್ಪ ದೊಡ್ಡದಾಗಿ ಕಾಣುವ ನೆಗೆಟಿವನ್ನು ದಾವಣಗೆರೆಗೆ ಕಳಿಸಿ, ಮಗಳು ನಿಂತಿರುವಷ್ಟು ಜಾಗವನ್ನು ಮಾತ್ರ ಹಿಗ್ಗಿಸಿ ಕೊಡಿ ಎಂದು ಸ್ಟುಡಿಯೋದವನಿಗೆ ಬರೆದಿದ್ದೇನೆ. ಆಗುವುದು ಕಷ್ಟ, ನೋಡುತ್ತೇನೆ ಎಂದಿದ್ದಾನೆ. ಅದನ್ನು ನಂಬಿ ಕೂರುವಂತಿಲ್ಲ. ಆದ್ದರಿಂದ ಈ ಕಾಗದ ಕಂಡ ಕೂಡಲೇ ನೀನು ಕುಮಟೆಗಾದರೂ ಹೋಗಿ ಒಂದು ಒಳ್ಳೆಯ ಸ್ಟುಡಿಯೋದಲ್ಲಿ ಕೂತು ಫೋಟೋ ತೆಗೆಸು. ಬರೀ ಮುಖ ಸಾಕು. ಹಿಂದೆ ಹೂಕುಂಡ, ಪರದೆ, ಮಣ್ಣು ಮಸಿ ಏನೂ ಬೇಡ. ಹತ್ತಿರ ಬಾ, ಇನ್ನೂ ಹತ್ತಿರ ಬಾ ಎಂದು ಅವನಿಗೆ ಹೇಳು. ಬೇಗ ಕಳಿಸು. ಫೋಟೋ ತೆಗೆಯಲು ನನಗೇ ಬರುತ್ತದೆಂದು ಊರೆಲ್ಲ ಹೇಳಿಕೊಂಡು ತಿರುಗಿದವನು ಈ ಮಾತು ಬರೆಯಬೇಕಾಯಿತಲ್ಲ.

ಬಂದಿದ್ದಾಗ ಒಂದು ದಿನವೂ ನಿನ್ನ ಎದುರು ಕೂತು ಸರಿಯಾಗಿ ಮಾತಾಡಲಿಲ್ಲ; ಬೆಳಕು, ಮೋಡ ಎಂದು ಹೊರಗೇ ಓಡಾಡಿದೆ. ತುಂಬ ನೆನಪಾಗುತ್ತೀಯೆ ಮಗಳೇ.

ಪುಟ್ಟನಿಗೆ ಅಜ್ಜನ ಮುತ್ತು. ನಿನ್ನ ಅತ್ತೆಯವರಿಗೆ ನನ್ನ ನಮಸ್ಕಾರ, ಅಳಿಯಂದಿರಿಗೆ ಆಶೀರ್ವಾದ. ನಿನ್ನ ಒಲೆ, ತೊಟ್ಟಿಲು, ನಗು ಎಲ್ಲವೂ ತುಂಬಿರಲಿ.

ನಿನ್ನ ಅಪ್ಪ,
ನಾಗೇಂದ್ರಪ್ಪ

ಮರೆತ ಮಾತಲ್ಲ, ಈಗಷ್ಟೇ ಆದದ್ದು: ಕವರಿಗೆ ಗೋಂದು ಹಚ್ಚುತ್ತಿದ್ದೆ. ಅಂಚೆಯ ಮಾರಪ್ಪ ದಾವಣಗೆರೆಯ ಲಕೋಟೆ ತಂದುಕೊಟ್ಟ. ನಾನು ಕನ್ನಡಕ ಹುಡುಕುವಷ್ಟರಲ್ಲಿ ನಿನ್ನಮ್ಮ ಅದನ್ನು ಕಿತ್ತುಕೊಂಡು ಬಾಗಿಲ ಬೆಳಕಿಗೆ ಹೋದಳು. ‘ಅಯ್ಯೋ ನನ್ನವ್ವಾ, ಎಷ್ಟು ಸೊರಗೀಯೇ! ತಲೆಗೆ ಎಣ್ಣೆ ಹಚ್ಚಾಕೂ ಪುರುಸೊತ್ತಿಲ್ಲ ಇವಳಿಗೆ. ಆದ್ರೂ ನಗ್ತಾಳೆ ನೋಡ್ರಿ’ ಎಂದು ಎದೆಗೆ ಒತ್ತಿಕೊಂಡು ಅತ್ತಳು. ಕನ್ನಡಕ ಸಿಕ್ಕಿತು, ನೋಡಿದೆ. ಅದು ನೀನಲ್ಲ. ದೋಣಿ ಕಟ್ಟುವ ಗೂಟ; ಮೇಲೆ ಯಾರೋ ಬಲೆ ಒಣಹಾಕಿದ್ದಾರೆ. ಸೀರೆಯುಟ್ಟ ಹೆಂಗಸೆಂದು ತಿಳಿದು ಸ್ಟುಡಿಯೋದವನು ಅದನ್ನೇ ಹಿಗ್ಗಿಸಿದ್ದಾನೆ. ಹೌದು ಕಣೇ, ನಗ್ತಿದಾಳೆ ಎಂದೆ. ಇನ್ನೇನು ಹೇಳಲಿ?

ಸ್ಟುಡಿಯೋ ಬೇಡ. ಫೋಟೋ ಬೇಡ. ಆಣೆಯ ಪಾಪ ನನಗಿರಲಿ. ನಿನ್ನ ಅತ್ತೆಯವರಿಗೆ ಈ ಕಾಗದವನ್ನೇ ಓದಿ ಹೇಳಿ, ಪುಟ್ಟನನ್ನು ಎತ್ತಿಕೊಂಡು ಹೊರಟು ಬಾ. ಸಂಜೆಯ ಬಸ್ಸಿಗೆ ಬರಬೇಡ, ಶಿವಮೊಗ್ಗೆಯಲ್ಲಿ ಒಂದು ರಾತ್ರಿ ಉಳಿದಾದರೂ ಮಧ್ಯಾಹ್ನದ ಬಸ್ಸಿಗೆ ಬಾ. ಬಿಸಿಲಿರುವಾಗ ಒಂದು ಗೇಣು ದೂರದವರೆಗೆ ಅವಳಿಗೆ ಇನ್ನೂ ಕಾಣುತ್ತದೆ.